ಪಿಕಪ್ ಗಾಡಿಗೆ ತಕ್ಕ ಪೆಟ್ಟಿಗೆಗಳು

ಬಿತ್ತನೆಯ ಬೀಜ, ಗೊಬ್ಬರ, ಕೀಟನಾಶಕ ಮೊದಲಾದುವುಗಳನ್ನು ಈಗ ಅನೇಕ ಗ್ರಾಮಗಳಲ್ಲಿ ಪಿಕಪ್ ಗಾಡಿಗಳಲ್ಲಿಯೇ ಸಾಗಿಸುವರು. ಗಾಡಿಯ ತೆರೆದ ಹಿಂಭಾಗದಲ್ಲಿ ಬಿಸಿಲು, ಮಳೆ, ಕುಲುಕಾಟಗಳಿಂದ ಸಾಮಾನು ಕೆಡುವುದರಿಂದ ಭದ್ರವಾದ ಪೆಟ್ಟಿಗೆಗಳು ಅವಶ್ಯಕ.

ಉಕ್ಕಿನ ಪೆಟ್ಟಿಗೆಯು ಗಟ್ಟಿಯಾದುದು. ಆದರೆ ಬಣ್ಣ ಹೋದೆಡೆಯಲ್ಲಿ ತುಕ್ಕು ಹಿಡಿಯುವುದು, ಗೊಬ್ಬರ ತಗುಲಿದರೆ ಮತ್ತಷ್ಟು ಬೇಗ. ಅಲ್ಯೂಮಿನಿಯಂ ಹಗುರವಾದರೂ ಪೆಟ್ಟು ಬಿದ್ದರೆ ನೆಗ್ಗುವುದು. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಬಿಸಿಲು ತಾಳುವಂತೆ ತಯಾರಿಸದಿದ್ದಲ್ಲಿ ಕಾಲಕ್ರಮದಲ್ಲಿ ಪೆಡಸಾಗಿ ಒಡೆಯುವುದು. ಯಾವುದೇ ಆಗಲಿ, ಮುಚ್ಚಳವು ಅಂಚಿನ ಮೇಲೆ ಇಳಿದು ಕೂರತಕ್ಕದ್ದು. ಒಳಗೆ ರಬ್ಬರು ಪಟ್ಟಿ ಇರತಕ್ಕದ್ದು. ಪೆಟ್ಟಿಗೆಯನ್ನು ಗಾಡಿಗೆ ಬೋಲ್ಟುಗಳಿಂದ ಬಿಗಿಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದೊಂದುಂಟು. 1958ರಲ್ಲಿ ಆಹಾರಪದಾರ್ಥಗಳೊಡನೆ ಸಾಗಿಸಿದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಅವುಗಳಿಗೆ ಬೆರೆತು, ಕೇರಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಈ ದುರಂತದ ತರುವಾಯವೇ 1968ರ ಕೀಟನಾಶಕಗಳ ಕಾಯಿದೆ ಹುಟ್ಟಿತು. ಆದುದರಿಂದ ಔಷಧಿಗೆ ಪ್ರತ್ಯೇಕವಾದ, ಬೀಗವುಳ್ಳ ಪೆಟ್ಟಿಗೆಯನ್ನೇ ಇಡತಕ್ಕದ್ದು. ಮರವು ವಿಷವನ್ನು ಹೀರುವುದರಿಂದ ಇದಕ್ಕೆ ಮರದ ಪೆಟ್ಟಿಗೆ ಸಲ್ಲದು. ಔಷಧಿಯಿಟ್ಟ ಪೆಟ್ಟಿಗೆಯನ್ನು ಎಷ್ಟೇ ತೊಳೆದರೂ ಅದರಲ್ಲಿ ಧಾನ್ಯವನ್ನಾಗಲಿ ದನಗಳ ಮೇವನ್ನಾಗಲಿ ತುಂಬಕೂಡದು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ಮೊದಲು ತಾವೇ ಆಚರಿಸಿದಲ್ಲಿ ಉಳಿದ ರೈತರಿಗೆ ಮೇಲ್ಪಂಕ್ತಿಯಾಗುವುದು.