ಮಾವನ ಫಿಯೆಟ್ ಮತ್ತು ಆರು ತಿಂಗಳ ರಜೆಗಳು

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳು ಅಧಿಕೃತವಾಗಿ ಮರೆಯಾದುದು ಓದುಗರಿಗೆ ನೆನಪಿರಬಹುದು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ ಅದರ ಆಯುಷ್ಯ ಅಲ್ಲಿಗೆ ಮುಗಿಯಿತು. ಆ ಸುದ್ದಿಯನ್ನು ಕಾರ್ಕಳ ಸಮೀಪದ ನಮ್ಮೂರಿನಲ್ಲಿ ಟಿ.ವಿ.ಯಲ್ಲಿ ನೋಡಿದ ನನ್ನ ಸೋದರಮಾವ ಅಂದೇ ರಾತ್ರಿ ಫೋನ್ ಮಾಡಿದರು.

"ಎಂತ ಮಾರಾಯ, ಫಿಯೆಟ್ ಎಲ್ಲ ಹೋಯಿತಂತೆ. ನಮ್ಮ ಗಾಡಿ ಹೇಗುಂಟು?"

"ಚೆನ್ನಾಗುಂಟು ಮಾವ" ಎಂದುಬಿಟ್ಟೆ.

ಅದು ಸುಳ್ಳು. 1984ರ ಮಾಡೆಲಿನ ಆ ಪ್ರೀಮಿಯರ್ ಪದ್ಮಿನಿ 2020ರ ಮಾರ್ಚ್‌ನ ಲಾಕ್‌ಡೌನಿಗೆ ನಿಂತದ್ದು ಮತ್ತೆ ಎದ್ದಿರಲಿಲ್ಲ. ಮುಲುಂಡಿನ ನಮ್ಮ ಕಟ್ಟಡದ ಹಿಂಬದಿಯಲ್ಲಿ, ಹರಿದ ಟಾರ್ಪಾಲಿನ ಅಡಿಯಲ್ಲಿ, ನಾಲ್ಕೂ ಟಯರು ಕುಳಿತು ಅದು ಇಲಿಗಳ ಮನೆಯಾಗಿತ್ತು. ಮಾವ ಮತ್ತೊಂದು ಮಾತು ಹೇಳಿ ಫೋನಿಟ್ಟರು. "ಮೇ ತಿಂಗಳಲ್ಲಿ ಮೊಮ್ಮಗಳ ಮದುವೆಗೆ ಬರುತ್ತೇನೆ. ಸ್ಟೇಷನ್ನಿಗೆ ಅದನ್ನೇ ತಾ."

ಮಾವ ವಿಕ್ರೋಲಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. 1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ನನ್ನನ್ನು ಹಗಲಿಗೆ ಕ್ಯಾಂಟೀನಿನ ಲೆಕ್ಕಕ್ಕೆ ಕೂರಿಸಿಕೊಂಡು, ಸಂಜೆ ಕಾಲೇಜಿನ ಫೀಸು ಕಟ್ಟಿ ಬಿ.ಕಾಂ. ಮಾಡಿಸಿದವರು ಅವರೇ. ಈ ಕಾರನ್ನು 1989ರಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡರು. ಬ್ಯಾಂಕಿನ ಇಂಟರ್‌ವ್ಯೂ ದಿನ ಇಸ್ತ್ರಿ ಮಾಡಿದ ಅಂಗಿ ಲೋಕಲ್ ಟ್ರೈನಿನಲ್ಲಿ ಮುದ್ದೆಯಾದೀತೆಂದು ಇದೇ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಫೋರ್ಟಿಗೆ ಕರೆದೊಯ್ದದ್ದೂ ಅವರೇ. 2012ರಲ್ಲಿ ವ್ಯವಹಾರ ಮುಗಿಸಿ ಊರಿಗೆ ಹೊರಟಾಗ ಕೀಲಿ ನನ್ನ ಕೈಗಿತ್ತು, "ಓಡಿಸುತ್ತಾ ಇರು, ನಿಲ್ಲಿಸಬೇಡ" ಎಂದಿದ್ದರು. ನಿಲ್ಲಿಸಿದವನು ನಾನು.

ಅದೇ ನವೆಂಬರಿನಲ್ಲಿ ಸೊಸೈಟಿಯಿಂದ ನೋಟೀಸು ಬಂತು. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, 2024ರ ಜೂನ್ ಒಳಗೆ ಆವರಣ ಖಾಲಿಯಾಗಬೇಕು, ಓಡದ ವಾಹನಗಳನ್ನು ಮೊದಲು ತೆಗೆಯಬೇಕು. ಭಂಗಾರಿನವನು ಬಂದ (ನಮ್ಮ ಬಂಗಾರವಲ್ಲ, ಮುಂಬಯಿಯ ಭಂಗಾರ). ಬಾನೆಟ್ ತಟ್ಟಿ 22,000 ರೂಪಾಯಿ ಎಂದ. ಮನೆಯವಳು ನನ್ನ ಮುಖ ನೋಡಿ, "ಕೊಡುವುದಾದರೆ ಮಾವನಿಗೆ ಫೋನ್ ಮಾಡಿ ಹೇಳಿಯೇ ಕೊಡಿ" ಎಂದಳು. ಅಷ್ಟು ಧೈರ್ಯ ನನಗಿರಲಿಲ್ಲ.

ಎಂಜಿನ್, ಬ್ರೇಕು, ಪೆಟ್ರೋಲ್ ಟ್ಯಾಂಕುಗಳ ಕತೆ ಇಲ್ಲಿ ಬೇಡ. ಹಳೆಯ ಮೆಕ್ಯಾನಿಕ್ ಒಬ್ಬರು ಅವನ್ನು ಮೂರು ವಾರದಲ್ಲಿ ಸರಿಮಾಡಿದರು. 1089 ಸಿ.ಸಿ.ಯ ಆ ಎಂಜಿನನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಆದರೆ ಬಾಗಿಲಿನ ಒಳಹಲಗೆ, ಸೀಟು, ಗಾಜಿನ ರಬ್ಬರ್, ಕ್ರೋಮಿನ ಪಟ್ಟಿ ಎಂದರೆ ಅವರು ಕೈಯಾಡಿಸಿ ಬಿಡುತ್ತಾರೆ. "ಗಾಡಿ ಓಡುತ್ತದಲ್ಲ ಸಾಹೇಬ್, ಸಾಕು" ಎಂದರು. ಮನುಷ್ಯರು ಕೂತು ಮುಟ್ಟಿದ ಭಾಗವೆಲ್ಲ ಇರುವುದು ಒಳಗಡೆಯೇ ಎಂದು ನನ್ನ ಅಭಿಪ್ರಾಯ. ಆ ಕೆಲಸವನ್ನು ನಾನೇ ಮಾಡುವುದೆಂದು ನಿಶ್ಚಯಿಸಿದೆ. ಭಾನುವಾರ, ಜತೆಗೆ ಬ್ಯಾಂಕಿಗೆ ರಜೆಯಿರುವ ಎರಡನೇ ಮತ್ತು ನಾಲ್ಕನೇ ಶನಿವಾರ. ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಮರಾ, ಹಳೆಯ ಬಿಸ್ಕತ್ತಿನ ಡಬ್ಬಗಳು. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಸ್ಕ್ರೂ ಡಬ್ಬಕ್ಕೆ, ಡಬ್ಬದ ಮೇಲೆ ಚೀಟಿ. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದೆಂಬ ಬ್ಯಾಂಕಿನ ಪಾಠ ಅಲ್ಲಿಯೂ ಉಪಯೋಗಕ್ಕೆ ಬಂತು.

ಮೊದಲು ಮುಟ್ಟಿದ್ದು ಚಾಲಕನ ಬದಿಯ ಬಾಗಿಲು. ಗಾಜು ಇಳಿಸುವ ಹಿಡಿಯ ಬುಡದ ತಟ್ಟೆಯನ್ನು ಒಳಕ್ಕೆ ಒತ್ತಿ ಹಿಡಿದರೆ ಸಣ್ಣ ಪಿನ್ ಕಾಣುತ್ತದೆ. ಅದನ್ನು ದೂಡಿದರೆ ಹಿಡಿ ಕೈಗೆ ಬರುತ್ತದೆ. ಅನಂತರ ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಬೇಕು, ಎಳೆಯಬಾರದು. ನಾನು ಎಳೆದೆ. ಹಾರ್ಡ್‌ಬೋರ್ಡ್ ತೇವಕ್ಕೆ ಹಪ್ಪಳದಂತಾಗಿತ್ತು, ಅರ್ಧ ಕೈಯಲ್ಲಿ ಉಳಿಯಿತು. ಕಾರಣ ಸರಳ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ಇಳಿಯುವುದು ಸಹಜ, ಅದು ಹೊರಹೋಗಲು ಬಾಗಿಲಿನ ತಳದಲ್ಲಿ ರಂಧ್ರಗಳಿರುತ್ತವೆ. ಅವು ಮಣ್ಣು ತುಂಬಿ ಮುಚ್ಚಿದರೆ ನೀರು ಒಳಗೇ ನಿಂತು ತಗಡನ್ನೂ ಹಲಗೆಯನ್ನೂ ತಿನ್ನುತ್ತದೆ. ಹಲಗೆಯ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಯಾವನೋ ಮೆಕ್ಯಾನಿಕ್ ಎಂದೋ ಕಿತ್ತು ಎಸೆದಿದ್ದ. ಹೊಸ ಹಾರ್ಡ್‌ಬೋರ್ಡನ್ನು ಹಳೆಯದರ ಅಳತೆಗೆ ಕತ್ತರಿಸಿ, ಅಂಚಿಗೆ ಎರಡು ಕೋಟ್ ವಾರ್ನಿಶ್ ಹೊಡೆದು, ಹಿಂದೆ ದಪ್ಪ ಪಾಲಿಥೀನ್ ಅಂಟಿಸಿದ ಮೇಲೆಯೇ ರೆಕ್ಸಿನ್ ಹೊದಿಸಿದೆ.

ಅದಕ್ಕಿಂತ ಮೊದಲು ಆ ಬಾಗಿಲಿನೊಳಗೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ತಗಡಿನ ಮೇಲೆ, ಸೀಟಿನ ಮಟ್ಟಕ್ಕೆ ಸರಿಯಾಗಿ, ಒಣಗಿದ ಕೆಸರಿನ ಒಂದು ಗೆರೆ ಇತ್ತು. ನಾಲ್ಕೂ ಬಾಗಿಲಿನಲ್ಲಿ ಅದೇ ಎತ್ತರದಲ್ಲಿ. 2005ರ ಜುಲೈ 26ರ ಮಳೆಯನ್ನು ಮುಂಬಯಿಯ ಯಾರೂ ಮರೆತಿಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಸುರಿದಿತ್ತು. ಅಂದು ಮಾವ ಕುರ್ಲಾದ ಎಲ್.ಬಿ.ಎಸ್. ಮಾರ್ಗದಲ್ಲಿ ಕಾರು ಬಿಟ್ಟು ನಡೆದು ಮನೆ ಸೇರಿದ್ದರು. ಪದ್ಮಿನಿ ತಯಾರಾಗುತ್ತಿದ್ದ ಪ್ರೀಮಿಯರ್ ಕಾರ್ಖಾನೆ ಇದ್ದದ್ದೂ ಅದೇ ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಕಂಪೆನಿ ಅದು. ಹುಟ್ಟಿದ ಕೇರಿಯಲ್ಲೇ ಗಾಡಿ ಮುಳುಗಿತ್ತು. ಆದರೆ ಮಾವ ನಮಗೆ ಹೇಳಿದ್ದು, "ನೀರು ಚಕ್ರದವರೆಗೆ ಬಂದದ್ದು, ಒಳಗೆ ಎಂತ ಆಗಲಿಲ್ಲ" ಎಂದು. ಆ ವರ್ಷದ ಆಗಸ್ಟಿನಲ್ಲೇ ನಾನು ಮುಲುಂಡಿನ ರೂಮಿಗೆಂದು ಅವರಲ್ಲಿ ಒಂದು ಲಕ್ಷ ಕೇಳಿದ್ದೆ, ಅವರು ಮರುದಿನವೇ ಕೊಟ್ಟಿದ್ದರು. ಸೀಟಿನ ಮಟ್ಟಕ್ಕೆ ನೀರು ತುಂಬಿದ ಗಾಡಿಗೆ ಎಷ್ಟು ಖರ್ಚು ಬಂದಿರಬೇಕೆಂದು ಬಾಗಿಲು ಬಿಚ್ಚಿದ ಈಗ ನನಗೆ ಗೊತ್ತು. ಆ ದಿನ ಮುಂದೆ ಕೆಲಸ ಮಾಡಲಾಗಲಿಲ್ಲ. ಗೆರೆಯನ್ನು ತೊಳೆದು ತುಕ್ಕು ತಡೆಯುವ ಪ್ರೈಮರ್ ಹೊಡೆಯಲೇಬೇಕಿತ್ತು. ಒಂದು ಬಾಗಿಲಿನ ಫೋಟೋ ಮಾತ್ರ ಇಟ್ಟುಕೊಂಡೆ.

ಸೀಟಿನದ್ದು ದೊಡ್ಡ ಕೆಲಸ. ಈ ಕಾರಿನ ಮುಂದಿನದು ಉದ್ದನೆಯ ಒಂದೇ ಸೀಟು, ಗೇರು ಸ್ಟಿಯರಿಂಗ್ ಪಕ್ಕದಲ್ಲಿರುವುದರಿಂದ ಮುಂದೆ ಮೂವರು ಆರಾಮ ಕೂರಬಹುದಿತ್ತು. ಸಂಘದ ಯಕ್ಷಗಾನಕ್ಕೆ ಹೋಗುವಾಗ ನಾಲ್ವರು ಕೂತದ್ದೂ ಉಂಟು. ಹರಿದ ರೆಕ್ಸಿನ್ ತೆಗೆದರೆ ಕೆಳಗೆ ಫೋಮು, ಅದರ ಕೆಳಗೆ ತೆಂಗಿನ ನಾರು, ಗೋಣಿ, ಕೊನೆಗೆ ಸ್ಪ್ರಿಂಗು. ಇಲಿ ಎಲ್ಲವನ್ನೂ ರುಚಿ ನೋಡಿತ್ತು. ಸ್ಪ್ರಿಂಗುಗಳ ನಡುವೆ ನಾಲ್ಕಾಣೆಯ ಏಳು ನಾಣ್ಯ, ಯಾರದೋ ಮಗುವಿನ ಹೇರ್‌ಕ್ಲಿಪ್, ಮಾಟುಂಗದಲ್ಲಿ ನಡೆದ ಯಕ್ಷಗಾನದ ಒಂದು ಆಮಂತ್ರಣ ಪತ್ರಿಕೆ ಸಿಕ್ಕವು. ಪ್ರಸಂಗದ ಹೆಸರು, ದಿನಾಂಕ ನೀರಿಗೆ ಅಳಿಸಿಹೋಗಿದ್ದವು. ತುಂಡಾದ ಸ್ಪ್ರಿಂಗನ್ನು ತಂತಿಯಿಂದ ಬಿಗಿದು, ಹೊಸ ಗೋಣಿ ಹಾಸುವವರೆಗೆ ನಾನೇ ಮಾಡಿದೆ. ಹೊಲಿಗೆಯನ್ನು ಕುಶನ್ ಮಾಡುವವರಿಗೆ ಕೊಟ್ಟೆ. ಮನೆಯ ಹೊಲಿಗೆ ಯಂತ್ರದಲ್ಲಿ ಅಷ್ಟು ದಪ್ಪ ರೆಕ್ಸಿನ್ ಹೊಲಿಯಲು ಹೋಗಿ ಎರಡು ಸೂಜಿ ಮುರಿದ ಮೇಲೆ ಮನೆಯವಳು ಯಂತ್ರಕ್ಕೆ ಬೀಗ ಹಾಕಿದ್ದಳು.

ಇಲ್ಲಿಯೇ ನನ್ನ ದೊಡ್ಡ ತಪ್ಪು. ಬಿಚ್ಚಿದ ಹಳೆಯ ರೆಕ್ಸಿನನ್ನು ಚಿಂದಿಯೆಂದು ಕಸಕ್ಕೆ ಹಾಕಿದೆ. ಮರುದಿನ ಕುಶನ್ ಮಾಡುವವರು ಕೇಳಿದ ಮೊದಲ ಪ್ರಶ್ನೆ, "ಪುರಾನಾ ಕವರ್ ಕಿದರ್ ಹೈ?" ಹೊಲಿಗೆ ಬಿಚ್ಚಿದ ಹಳೆಯ ತುಂಡುಗಳೇ ಹೊಸದಕ್ಕೆ ಅಳತೆ. ಅದಿಲ್ಲದೆ ಅವರು ಕಣ್ಣಳತೆಯಲ್ಲಿ ಹೊಲಿದ ಸೀಟಿನ ಒಂದು ಮೂಲೆ ಇಂದಿಗೂ ಸುಕ್ಕಾಗಿದೆ. ಈ ಕೆಲಸಕ್ಕೆ ಕೈಹಾಕುವವರು ಇದೊಂದನ್ನು ನೆನಪಿಡಬೇಕು, ಹೊಸದು ಕೂತು ಸರಿಯಾಗುವವರೆಗೆ ಹಳೆಯದರ ಒಂದು ಚೂರನ್ನೂ ಎಸೆಯಬೇಡಿ. ಛಾವಣಿಯ ಒಳಹೊದಿಕೆ ಬಿಚ್ಚುವಾಗ ಬುದ್ಧಿ ಬಂದಿತ್ತು. ಅದು ಉಕ್ಕಿನ ಕಂಬಿಗಳ ಮೇಲೆ ತೂಗುವ ಬಟ್ಟೆ, ಕಂಬಿಗಳ ಬಾಗು ಒಂದರಂತೆ ಒಂದಿಲ್ಲ. ಮುಂದಿನಿಂದ ಹಿಂದಕ್ಕೆ ನಂಬರ್ ಹಚ್ಚಿ ಇಟ್ಟೆ.

ಕ್ರೋಮಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಪಾತ್ರೆ ತಿಕ್ಕುವ ತಂತಿಯ ಜುಂಗು ಅಥವಾ ಮರಳುಕಾಗದ ಹಿಡಿಯುವುದು. ಅದರಿಂದ ಹೊಳಪಿನ ಮೇಲೆ ಗೀರು ಬಿದ್ದು ಮರುವರ್ಷ ಇನ್ನಷ್ಟು ತುಕ್ಕು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆಮಾಡಿ ನೀರಿನಲ್ಲಿ ಅದ್ದಿ ತಿಕ್ಕಿದರೆ ಚುಕ್ಕಿಚುಕ್ಕಿಯಾದ ತುಕ್ಕು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದುವಾದ್ದರಿಂದ ಗೀರು ಬೀಳುವುದಿಲ್ಲ. ಗ್ರಿಲ್, ಹೆಡ್‌ಲೈಟಿನ ಬಳೆ ಹೀಗೆಯೇ ಬೆಳಗಿದವು. ಆದರೆ ಹಿಂದಿನ ಬಂಪರಿನಲ್ಲಿ ಲೇಪವೇ ಹೆಪ್ಪಳಿಕೆಯಾಗಿ ಎದ್ದಿತ್ತು. ಅದಕ್ಕೆ ಮನೆಮದ್ದಿಲ್ಲ. ಹಳೆಯ ಲೇಪ ತೆಗೆದು, ಪಾಲಿಶ್ ಹಿಡಿದು, ತಾಮ್ರ, ನಿಕಲ್, ಆಮೇಲೆ ಕ್ರೋಮ್ ಎಂದು ಪದರ ಪದರವಾಗಿ ಕೊಡಬೇಕು. ಆ ರಾಸಾಯನಿಕಗಳು ವಿಷ, ಮನೆಯಲ್ಲಿ ಮಾಡುವಂಥದ್ದಲ್ಲ. ಬಾಗಿಲಿನ ಹಿಡಿಗಳು ಸತುವಿನ ಎರಕದವು, ಮೈಮೇಲೆ ಗುಳ್ಳೆ ಎದ್ದಿದ್ದವು. ಹಾಗೆಯೇ ಬಿಟ್ಟಿದ್ದೇನೆ.

ರಬ್ಬರಿನಲ್ಲೂ ಪೆಟ್ಟು ತಿಂದೆ. ಪಕ್ಕದ ಗ್ಯಾರೇಜಿನವನ ಮಾತು ಕೇಳಿ ಬಾಗಿಲಿನ ಹಳೆಯ ರಬ್ಬರಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಮಿರಮಿರ ಮಿಂಚಿತು, ತಿಂಗಳಲ್ಲಿ ಅಂಟಂಟಾಗಿ ಉಬ್ಬಿತು. ಎಣ್ಣೆ, ಸೀಮೆಎಣ್ಣೆ, ಪೆಟ್ರೋಲು ಇವೆಲ್ಲ ರಬ್ಬರಿಗೆ ಶತ್ರು. ಸೋಪುನೀರಿನಲ್ಲಿ ತೊಳೆದು ಗ್ಲಿಸರಿನ್ ಸವರಿದರೆ ಸಾಕಿತ್ತು. ಹೊಸ ಸೆಟ್ಟಿಗಾಗಿ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳನ್ನು ಮೂರು ಶನಿವಾರ ಸುತ್ತಿದೆ. ಮುಂದಿನ ಗಾಜಿನ ರಬ್ಬರ್ ಕೂರಿಸಲು ಬೇಕಾದದ್ದು ಎರಡು ಜೊತೆ ಕೈ, ಸೋಪುನೀರು ಮತ್ತು ಒಂದು ಗಟ್ಟಿ ಹುರಿ. ರಬ್ಬರನ್ನು ಗಾಜಿಗೆ ತೊಡಿಸಿ, ಅದರ ಒಳಸಂದಿಯಲ್ಲಿ ಸುತ್ತಲೂ ಹುರಿ ಇಟ್ಟು, ಹೊರಗಿನಿಂದ ಮಗ ಗಾಜನ್ನು ಒತ್ತಿ ಹಿಡಿದ. ಒಳಗೆ ಕೂತು ನಾನು ಹುರಿಯನ್ನು ನಿಧಾನ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಿತ್ತು. ಮೊದಲ ಯತ್ನದಲ್ಲೇ ಕೂತಿತು. ಆರು ತಿಂಗಳಲ್ಲಿ ಮಗ ಫೋನ್ ಪಕ್ಕಕ್ಕಿಟ್ಟು ನನ್ನ ಜತೆ ನಿಂತ ದಿನ ಅದೊಂದೇ.

ಸ್ಟಿಯರಿಂಗ್ ಚಕ್ರದಲ್ಲಿ ಬಿಸಿಲಿಗೆ ಮೂರು ಬಿರುಕು ಬಿಟ್ಟಿದ್ದವು. ಬಿರುಕನ್ನು ಅರದಿಂದ ಸ್ವಲ್ಪ ಅಗಲ ಮಾಡಿ, ಎಂ-ಸೀಲ್ ತುಂಬಿ, ಒಂದು ದಿನ ಒಣಗಿಸಿ, 120ರಿಂದ 400ನೇ ನಂಬರಿನವರೆಗೆ ಪೇಪರ್ ಹಿಡಿದು ಬಣ್ಣ ಕೊಟ್ಟೆ. ಎಲ್ಲಿ ಬಿರುಕಿತ್ತೆಂದು ನನಗೇ ತಿಳಿಯದಷ್ಟು ನಯವಾಯಿತು.

ಲೆಕ್ಕ ಬರೆದಿಟ್ಟಿದ್ದೇನೆ. ಸೀಟಿಗೆ 11,500, ಕ್ರೋಮಿಗೆ 9,000, ರಬ್ಬರಿಗೆ 6,200, ಬಾಗಿಲಿನ ಹಲಗೆ-ರೆಕ್ಸಿನಿಗೆ 3,400, ಛಾವಣಿಗೆ 2,800, ಅಂಟು-ಬಣ್ಣ-ಚಿಲ್ಲರೆ 2,150, ಒಟ್ಟು 35,050 ರೂಪಾಯಿ. ಭಂಗಾರಿನವನು ಕೊಡುತ್ತೇನೆಂದದ್ದು 22,000. ಲಾಭ-ನಷ್ಟದ ಪಟ್ಟಿಯನ್ನು ಯಾರಿಗೂ ತೋರಿಸಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಮರುನೋಂದಣಿ, ವಿಮೆ ಇವು ಬೇರೆ.

2024ರ ಮೇ ತಿಂಗಳಲ್ಲಿ ಮಾವ ಥಾಣೆ ಸ್ಟೇಷನ್ನಿನಲ್ಲಿ ಇಳಿದರು. ಎಂಬತ್ತೊಂದು ವಯಸ್ಸು, ಕೈಯಲ್ಲಿ ಊರುಗೋಲು. ಕಾರಿನ ಸುತ್ತ ಒಂದು ಸುತ್ತು ಬಂದರು. ನಾನು ವಾರಗಟ್ಟಲೆ ತಿಕ್ಕಿದ ಗ್ರಿಲ್ಲನ್ನು ನೋಡಲೇ ಇಲ್ಲ. ಚಾಲಕನ ಸೀಟಿನಲ್ಲಿ ಕೂತು, ತ್ರಿಕೋನದ ಸಣ್ಣ ಗಾಜನ್ನು ತೆರೆದು ಮುಚ್ಚಿ, ಸ್ಟಿಯರಿಂಗಿನ ಎಡಭಾಗದಲ್ಲಿ ಹೆಬ್ಬೆರಳಾಡಿಸಿದರು.

"ಇಲ್ಲಿ ಒಂದು ಬಿರುಕಿತ್ತಲ್ಲ? ಹೆಬ್ಬೆರಳಿಡಲು ಒಳ್ಳೆಯದಿತ್ತು."

"ತುಂಬಿದೆ ಮಾವ."

"ಯಾಕೆ?"

ಉತ್ತರ ಹೊಳೆಯಲಿಲ್ಲ. ಬಾಗಿಲು ಎಳೆದುಕೊಂಡರು, ಮುಚ್ಚಲಿಲ್ಲ. ಹೊಸ ರಬ್ಬರಾದ್ದರಿಂದ ಜೋರಾಗಿ ಬಡಿಯಬೇಕೆಂದೆ. "ನನ್ನ ಗಾಡಿಯ ಬಾಗಿಲನ್ನು ಬಡಿದವರಿಲ್ಲ" ಎಂದು ಗದರಿಸಿ ಪಕ್ಕದ ಸೀಟಿಗೆ ಜರುಗಿದರು.

ಮುಲುಂಡ್ ಚೆಕ್‌ನಾಕಾದ ಸಿಗ್ನಲ್ಲಿನಲ್ಲಿ ನಿಂತಾಗ ಮೊಬೈಲಿನಲ್ಲಿದ್ದ ಕೆಸರಿನ ಗೆರೆಯ ಫೋಟೋ ತೋರಿಸಿದೆ. ಕನ್ನಡಕ ಹಾಕಿ ನೋಡಿದರು. "ನೀರು ಚಕ್ರದವರೆಗೆ ಬಂದದ್ದು ಎಂದಿದ್ದಿರಿ" ಎಂದೆ. "ನೀನು ಗಾಡಿ ಚೆನ್ನಾಗುಂಟು ಎಂದಿದ್ದೆ" ಎಂದು ಫೋನ್ ಹಿಂದಿರುಗಿಸಿದರು. "ಸಿಗ್ನಲ್ ಬಿಟ್ಟಿತು, ಹೋಗು."

ಜೂನಿನಲ್ಲಿ ಕಟ್ಟಡ ಖಾಲಿಯಾಯಿತು. ಕಾರು ಈಗ ಭಾಂಡುಪಿನಲ್ಲಿ ಪರಿಚಯದವರೊಬ್ಬರ ಶೆಡ್ಡಿನಲ್ಲಿದೆ, ತಿಂಗಳಿಗೆ 1,500 ಬಾಡಿಗೆ, ಪ್ರತಿ ಭಾನುವಾರ ಬೆಳಿಗ್ಗೆ ಪವಾಯಿವರೆಗೆ ಒಂದು ಸುತ್ತು. ಎಡ ಹಿಂಬದಿಯ ಬಾಗಿಲಿನಿಂದ ಮಾತ್ರ ಮಳೆಗೆ ಇನ್ನೂ ನೀರು ಒಸರುತ್ತದೆ. ಕುರ್ಲಾದಲ್ಲಿ ಸಿಕ್ಕಿದ ರಬ್ಬರ್ ಅಲ್ಲಿಗೆ ಸ್ವಲ್ಪ ತೆಳ್ಳಗಾಯಿತು. ಓದುಗರಲ್ಲಿ ಯಾರ ಊರಿನ ಕೊಟ್ಟಿಗೆಯಲ್ಲಾದರೂ ಪದ್ಮಿನಿಯ ಹಳೆಯ ಬಾಗಿಲು ಬಿದ್ದಿದ್ದರೆ, ಭಂಗಾರಿಗೆ ಹಾಕುವ ಮೊದಲು ದಯವಿಟ್ಟು ಒಂದು ಮಾತು ತಿಳಿಸಬೇಕು.