ಬಸ್ಸು ಪುಕ್ಕಟೆ ಆಯ್ತು, ಹೊತ್ತು ಪುಕ್ಕಟೆ ಆದೀತೆ?
ದೇವದುರ್ಗ, ಮಾನ್ವಿ ಹುಡುಗರಿಗೆ ಫೋನಿನ ಪಾಠ

ರಾಯಚೂರು: ಎಂ.ಎ., ಎಂ.ಎಸ್ಸಿ. ಓದಬೇಕೆಂದು ದೇವದುರ್ಗದಿಂದ ಹೊರಟರೆ ರಾಯಚೂರಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದೂವರೆ ತಾಸು. ಅಲ್ಲಿಂದ ಯರಗೇರಾದ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಬಸ್ಸು. ಮಾನ್ವಿಯವರ ಪಾಡೂ ಬೇರೆಯಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಒಪ್ಪೋಣ. ಆದರೆ ದಿನಾ ನಾಲ್ಕು ತಾಸು ಕಂಬಿ ಹಿಡಿದು ನಿಂತದ್ದನ್ನು ಯಾರು ವಾಪಸು ಕೊಡುತ್ತಾರೆ?

ಆನ್‌ಲೈನ್ ಪಾಠ ದಕ್ಕಬೇಕಾದದ್ದು ಇಂಥವರಿಗೇ. "ಫೋನ್‌ನ್ಯಾಗ ಏನ್ ಕಲೀತಾರ್ರೀ, ರೀಲ್ಸ್ ನೋಡ್ತಾರ" ಎಂದು ಕಟ್ಟೆಯ ಮೇಲೆ ಕುಂತವರು ನಗುತ್ತಾರೆ. ನಗಲಿ. ಮನೆಯಲ್ಲಿ ಕೂತು ಡಿಗ್ರಿ ಓದುವುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಕಳಿಸಲು ಶುರುಮಾಡಿತ್ತು. ಅದೇ ಬೆಳೆದು 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 1984ರಲ್ಲಿ ಯುಜಿಸಿ ದೂರದರ್ಶನದಲ್ಲಿ ಪಾಠ ಬಿತ್ತರಿಸತೊಡಗಿತು. ಕರೆಂಟ್ ಹೋದರೆ ಆ ದಿನದ ಪಾಠವೂ ಹೋಯಿತು! ಈಗಿನದು ಹಂಗಲ್ಲ. ತಿಳಿಯದಿದ್ದರೆ ತಿರುಗಿ ಹಾಕಿ ಹತ್ತು ಸಲ ನೋಡಬಹುದು. ಬೈಯುವವರೂ ಇಲ್ಲ.

ದಾರಿ ಯಾವುದು?

ಕೇಂದ್ರ ಸರ್ಕಾರ 2017ರಲ್ಲಿ ತೆರೆದ ‘ಸ್ವಯಂ’ ತಾಣದಲ್ಲಿ ಪಾಠ ಕೇಳಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕೆಂದವರು ಮಾತ್ರ ಪರೀಕ್ಷೆ ಫೀ ಕಟ್ಟಬೇಕು. ನೆಟ್ ಸಾಲದವರಿಗೆ ‘ಸ್ವಯಂ ಪ್ರಭಾ’ ಟಿ.ವಿ. ಚಾನೆಲ್‌ಗಳಿವೆ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂನಲ್ಲಿ ಓದಿ ಡಿಗ್ರಿಗೆ ಜಮಾ ಮಾಡಿಸಿಕೊಳ್ಳಲು ಅವಕಾಶವಿದೆ. ಆದರೆ ತಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪುತ್ತದೆಯೇ ಎಂದು ಮೊದಲೇ ಕಾಲೇಜಿನಲ್ಲಿ ಕೇಳಬೇಕು. ಪಾಸಾದ ಮೇಲೆ ಕೇಳಿ ಉಪಯೋಗವಿಲ್ಲ.

ಅಧ್ಯಾಪಕರಿಗೂ ಲಾಭವಿದೆ. ರಿಫ್ರೆಶರ್ ಕೋರ್ಸ್ ಎಂದರೆ ಪೆಟ್ಟಿಗೆ ಕಟ್ಟಿಕೊಂಡು ವಾರಗಟ್ಟಲೆ ಊರು ಬಿಡಬೇಕಿತ್ತು. 2018ರಲ್ಲಿ ‘ಅರ್ಪಿತ್’ ಹೆಸರಿನಲ್ಲಿ ಅದೂ ಸ್ವಯಂಗೆ ಬಂತು. ಒಮ್ಮೆ ಚೆನ್ನಾಗಿ ಹೇಳಿದ ಪಾಠವನ್ನು ರೆಕಾರ್ಡ್ ಮಾಡಿಟ್ಟರೆ, ಕ್ಲಾಸಿನ ಹೊತ್ತು ಹುಡುಗರ ಪ್ರಶ್ನೆಗಳಿಗೆ ಉಳಿಯುತ್ತದೆ. ಹಾಗೆಂದು ಮಾಸ್ತರರ ಹುದ್ದೆ ಖಾಲಿ ಬಿಡಲು ಇದನ್ನು ನೆಪ ಮಾಡಿಕೊಂಡರೆ ಅದು ಮೋಸ. ಪ್ರಯೋಗಶಾಲೆಯ ಕೆಲಸವಂತೂ ಫೋನಿನಲ್ಲಿ ಆಗದು.

ತೊಡಕುಗಳು ಬೇರೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಕಂಡಂತೆ ಸಿಗ್ನಲ್ ಹುಡುಕಿ ಮಾಳಿಗೆ ಹತ್ತಬೇಕು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಇವಕ್ಕಿಂತ ದೊಡ್ಡದು ಭಾಷೆ. ಸ್ವಯಂ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನವು. ಹತ್ತನೇತ್ತವರೆಗೆ ಕನ್ನಡದಲ್ಲೇ ಓದಿಬಂದ ದೇವದುರ್ಗದ ಹುಡುಗಿಗೆ ಡೇಟಾ ಇದ್ದರೂ ಪಾಠ ಅರ್ಥವಾಗಬೇಕಲ್ಲ? ಆಕೆಗೆ ತಿಳಿಯುವ ಕನ್ನಡದಲ್ಲಿ ಅರ್ಥಶಾಸ್ತ್ರ ಹೇಳಬಲ್ಲ ಅಧ್ಯಾಪಕರು ರಾಯಚೂರು, ಮಾನ್ವಿ ಕಾಲೇಜುಗಳಲ್ಲೇ ಇದ್ದಾರೆ. ಬೇಕಾದದ್ದು ಒಂದು ಫೋನು, ಒಂದು ಸ್ಟ್ಯಾಂಡು, ಒಂದು ಮೈಕು. ಗುಲ್ಬರ್ಗಾ ವಿಶ್ವವಿದ್ಯಾಲಯದಿಂದ ರಾಯಚೂರಿನದನ್ನು ಬೇರೆ ಮಾಡಿದ್ದೇ ದೂರ ಕಡಿಮೆಯಾಗಲೆಂದು. ಯರಗೇರಾದವರು ಈ ಕೆಲಸವನ್ನು ಮುಂದಿನ ಸೆಮಿಸ್ಟರಿಗೇ ಹಚ್ಚಿಕೊಳ್ಳಬಹುದು.