ಮೈದಾನದ ನಡುವೆ ಬಾವುಟ ನೆಟ್ಟವನು

1996ರ ಏಪ್ರಿಲ್. ಇಸ್ತಾನ್‌ಬುಲ್‌ನಲ್ಲಿ ಟರ್ಕಿಷ್ ಕಪ್ ಫುಟ್‌ಬಾಲ್ ಫೈನಲ್ ಮುಗಿದಿತ್ತು. ಫೆನರ್‌ಬಾಚೆ ತನ್ನ ಮೈದಾನದಲ್ಲೇ ಬದ್ಧವೈರಿ ಗಲಾಟಸರಾಯ್‌ಗೆ ಕಪ್ ಒಪ್ಪಿಸಿ ನಿಂತಿತ್ತು. ಗೆದ್ದ ತಂಡದ ಮ್ಯಾನೇಜರ್ ಗ್ರೇಮ್ ಸೂನೆಸ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ತನ್ನ ಕ್ಲಬ್ಬಿನ ದೊಡ್ಡ ಬಾವುಟ ಹಿಡಿದು ಹೋದವನೇ ಅದನ್ನು ಮೈದಾನದ ನಟ್ಟನಡುವೆ ಊರಿಬಿಟ್ಟ. ಗ್ಯಾಲರಿ ಕೆರಳಿ ಕೆಂಡವಾಯಿತು. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ತನ್ನನ್ನು ಫೆನರ್‌ಬಾಚೆಯ ಪದಾಧಿಕಾರಿಯೊಬ್ಬ ಹೀಯಾಳಿಸಿದ್ದ, ಅವನಿಗೆ ಇದು ಉತ್ತರ ಎಂದು ಆಮೇಲೆ ಹೇಳಿಕೊಂಡ.

ಸೂನೆಸ್ ಎಂದರೆ ಜಗಳಗಂಟ, ಅಷ್ಟೇ ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ.

1953ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಈತ ಹೆಸರು ಮಾಡಿದ್ದು ಲಿವರ್‌ಪೂಲ್‌ನ ಮಿಡ್‌ಫೀಲ್ಡರ್ ಆಗಿ. ಎದುರಾಳಿಯಿಂದ ಚೆಂಡು ಕಸಿಯುವುದು ಆ ಜಾಗದವನ ಅರ್ಧ ಕೆಲಸ. ಕಸಿದದ್ದನ್ನು ಸರಿಯಾದವನ ಕಾಲಿಗೆ ತಲುಪಿಸುವುದು ಇನ್ನರ್ಧ. ಮೊದಲರ್ಧದಲ್ಲಿ ಸೂನೆಸ್‌ಗೆ ದಯೆದಾಕ್ಷಿಣ್ಯ ಇರಲಿಲ್ಲ. 1984ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಡೈನಮೊ ಬುಕಾರೆಸ್ಟ್‌ನ ಮೊವಿಲಾನ ದವಡೆ ಮುರಿದದ್ದು ಇವನ ಗುದ್ದಿಗೆ. ರೆಫರಿ ಕಣ್ಣಿಗೆ ಅದು ಬೀಳಲೇ ಇಲ್ಲ. ಅದನ್ನು ಸಮರ್ಥಿಸಲಾಗದು. ಆದರೆ ಅದೇ ಟೂರ್ನಿಯ 1978ರ ಫೈನಲ್‌ನ ಗೋಲು ನೋಡಿ. ರಕ್ಷಣಾ ಆಟಗಾರರ ಸಂದಿಯಲ್ಲಿ ಸೂನೆಸ್ ಚೆಂಡನ್ನು ಮೆಲ್ಲಗೆ ತೂರಿಸುತ್ತಾನೆ, ಸಹ ಆಟಗಾರ ಡಾಲ್‌ಗ್ಲಿಷ್ ಅದನ್ನು ಗೋಲ್‌ಕೀಪರ್‌ನ ಮೇಲಿಂದ ಎತ್ತಿ ಹಾಕುತ್ತಾನೆ. ಪಂದ್ಯದ ಏಕೈಕ ಗೋಲು ಅದು. ಐದು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಬರೀ ಒರಟುತನದಿಂದ ದಕ್ಕುವಂಥವಲ್ಲ.

1986ರಲ್ಲಿ ಗ್ಲಾಸ್ಗೊದ ರೇಂಜರ್ಸ್‌ಗೆ ಆಟಗಾರ ಹಾಗೂ ಮ್ಯಾನೇಜರ್ ಆಗಿ ಬಂದ. ಮೊದಲ ಲೀಗ್ ಪಂದ್ಯದಲ್ಲೇ ರೆಡ್ ಕಾರ್ಡ್! ಆದರೂ ಒಂಬತ್ತು ವರ್ಷಗಳಿಂದ ಲೀಗ್ ಗೆಲ್ಲದಿದ್ದ ಕ್ಲಬ್ಬಿಗೆ ಅದನ್ನು ಗೆದ್ದುಕೊಟ್ಟ. ಹೇಸಲ್ ಕ್ರೀಡಾಂಗಣದಲ್ಲಿ ಇಂಗ್ಲಿಷ್ ಪ್ರೇಕ್ಷಕರ ಗಲಭೆಯಿಂದಾದ ದುರಂತದ ನಂತರ ಇಂಗ್ಲಿಷ್ ಕ್ಲಬ್ಬುಗಳಿಗೆ ಯುರೋಪಿನ ಟೂರ್ನಿಗಳಲ್ಲಿ ನಿಷೇಧವಿತ್ತು. ಆ ಸಂದರ್ಭ ಬಳಸಿಕೊಂಡು ಟೆರ್ರಿ ಬುಚರ್‌ನಂಥ ಇಂಗ್ಲೆಂಡ್ ಆಟಗಾರರನ್ನೇ ಸ್ಕಾಟ್ಲೆಂಡಿಗೆ ಕರೆತಂದ. 1989ರಲ್ಲಿ, ಪ್ರೊಟೆಸ್ಟೆಂಟರ ಕ್ಲಬ್ಬೆಂದೇ ಹೆಸರಾಗಿದ್ದ ರೇಂಜರ್ಸ್‌ಗೆ ಕ್ಯಾಥೊಲಿಕ್ ಆಟಗಾರ ಮೊ ಜಾನ್‌ಸ್ಟನ್‌ನನ್ನು ಸೇರಿಸಿಕೊಂಡ. ಬೇರೆಯವರು ಹಿಂಜರಿಯುತ್ತಿದ್ದ ಕೆಲಸವನ್ನು ಅವನ ಮೊಂಡುತನ ಮಾಡಿ ಮುಗಿಸಿತ್ತು.

ಅದೇ ಮೊಂಡುತನ ಲಿವರ್‌ಪೂಲ್‌ನಲ್ಲಿ ಮುಳುವಾಯಿತು. 1991ರಲ್ಲಿ ಮ್ಯಾನೇಜರ್ ಆಗಿ ಮರಳಿದವನು ಎಲ್ಲವನ್ನೂ ಒಮ್ಮೆಗೇ ಬದಲಿಸಹೊರಟ. 1992ರಲ್ಲಿ ಎಫ್‌ಎ ಕಪ್ ಸಿಕ್ಕಿತು, ಲೀಗ್ ಸಿಗಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಬೇರೆಯೇ ಇತ್ತು. ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲು ದುರಂತದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಬಗ್ಗೆ ಸುಳ್ಳು ಬರೆದ ‘ದಿ ಸನ್’ ಪತ್ರಿಕೆಯನ್ನು ಆ ಊರು ದೂರ ಇಟ್ಟಿತ್ತು. ತನ್ನ ಶಸ್ತ್ರಚಿಕಿತ್ಸೆಯ ಕಥೆಯನ್ನು ಸೂನೆಸ್ ಮಾರಿದ್ದು ಅದೇ ಪತ್ರಿಕೆಗೆ. ಅನೇಕರು ಇಂದಿಗೂ ಕ್ಷಮಿಸಿಲ್ಲ, ಆತನೂ ಅದಕ್ಕಾಗಿ ಪರಿತಪಿಸಿದ್ದಾನೆ.

ಮುಂದೆ ಸ್ಕೈ ಸ್ಪೋರ್ಟ್ಸ್‌ನ ವಿಶ್ಲೇಷಕನಾಗಿ 2023ರವರೆಗೂ ಮುಖ ನೋಡದೆ ಮಾತಾಡಿದ. ಪೊಗ್ಬಾನಂಥ ದುಬಾರಿ ಆಟಗಾರರಿಗೂ ರಿಯಾಯಿತಿ ಇರಲಿಲ್ಲ. ಕೆಲವೊಮ್ಮೆ ಅತಿಯಾಯಿತು ಅನಿಸುತ್ತಿತ್ತು, ಬೇಸರವಂತೂ ಆಗುತ್ತಿರಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ, ತನ್ನ 70ನೇ ವಯಸ್ಸಿನಲ್ಲಿ, ಸೂನೆಸ್ ರಿಲೇ ತಂಡದೊಂದಿಗೆ ಇಂಗ್ಲಿಷ್ ಕಾಲುವೆ ಈಜಿದ. ಮುಟ್ಟಿದರೆ ಚರ್ಮ ಹರಿಯುವ, ಹುಟ್ಟಿನಿಂದಲೇ ಬರುವ ಕಾಯಿಲೆಯ ಮಕ್ಕಳಿಗಾಗಿ ಹಣ ಕೂಡಿಸುವುದು ಉದ್ದೇಶ. 10 ಲಕ್ಷ ಪೌಂಡ್‌ಗೂ ಹೆಚ್ಚು ಸಂಗ್ರಹವಾಯಿತು. ಜಗಳಗಂಟ ಎನ್ನುವವರು ಈ ಲೆಕ್ಕವನ್ನೂ ಸೇರಿಸಿಕೊಂಡು ಹೇಳಲಿ.